ಕೈಗೆ ಬಂದ ತುತ್ತು: ಕ್ರೂಸ್ ಅಸುಲ್ 23 ವರ್ಷ ಲೀಗ್ ಕಪ್ ಎತ್ತಲಾಗದೆ ಹೋದದ್ದು ಯಾಕೆ, ಕೊನೆಗೆ ಎತ್ತಿದ್ದು ಹೇಗೆ

ಮೆಕ್ಸಿಕೊದವರು ಆಡುವ ಸ್ಪ್ಯಾನಿಷ್‌ನಲ್ಲಿ ‘ಕ್ರೂಸಸುಲೆಯಾರ್’ ಅಂತ ಒಂದು ಕ್ರಿಯಾಪದವಿದೆ. ಗೆದ್ದೇಬಿಟ್ಟೆವು ಅನ್ನುವ ಹೊತ್ತಿಗೆ ಸೋಲುವುದು ಅದರ ಅರ್ಥ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾವು ಒಂದು ಮಾತಿನಲ್ಲಿ ಹೇಳುವುದನ್ನು ಅವರು ಒಂದೇ ಪದದಲ್ಲಿ ಮುಗಿಸುತ್ತಾರೆ. ಪದ ಹುಟ್ಟಿದ್ದು ಕ್ರೂಸ್ ಅಸುಲ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಹೆಸರಿನಿಂದ. ಒಂದು ಊರಿನ ತಂಡದ ಸೋಲು ದೇಶದ ಆಡುಮಾತಿಗೆ ಕ್ರಿಯಾಪದ ಕೊಡುವಷ್ಟು ಆಗಬೇಕಾದರೆ ಅದು ಬರೀ ದುರ್ಬಲ ತಂಡವಾಗಿದ್ದರೆ ಸಾಲದು. ದುರ್ಬಲ ತಂಡ ಸೋತರೆ ಯಾರೂ ಪದ ಕಟ್ಟುವುದಿಲ್ಲ.

ಪ್ರಕರಣದ ಮಿತಿ ಹೀಗಿದೆ. 1997ರ ಡಿಸೆಂಬರ್ 7ರಂದು ಕ್ರೂಸ್ ಅಸುಲ್ ತನ್ನ ಎಂಟನೇ ಲೀಗ್ ಪ್ರಶಸ್ತಿ ಗೆದ್ದಿತು. ಒಂಬತ್ತನೆಯದು ಬಂದದ್ದು 2021ರ ಮೇ 30ರಂದು. ನಡುವೆ ವರ್ಷಕ್ಕೆ ಎರಡರಂತೆ 46 ಟೂರ್ನಿಗಳು ಕಳೆದವು, ತಂಡ ಆರು ಫೈನಲ್ ಆಡಿ ಆರನ್ನೂ ಸೋತಿತು. ಇದಕ್ಕೆ ಮೆಕ್ಸಿಕೊದಲ್ಲಿ ಸಿಗುವ ಸಿದ್ಧ ಉತ್ತರ ಶಾಪ. ಆದರೆ ಆ ಪಂದ್ಯಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಸಿಗುವುದು ಬೇರೆ: ಟೂರ್ನಿಯ ನಿಯಮ, ಮುನ್ನಡೆ ಕಾಯುವ ರೀತಿ, ಮತ್ತು ಪ್ರತಿ ಫೈನಲ್‌ಗೂ ಹೊಸ ಕೋಚ್. ಇವುಗಳಲ್ಲಿ ಮೊದಲನೆಯದೇ ದೊಡ್ಡದು. ಅದನ್ನೇ ಜನ ಅತಿ ಕಡಿಮೆ ಮಾತಾಡುತ್ತಾರೆ.

ಸಿಮೆಂಟ್ ಕಾರ್ಖಾನೆಯ ತಂಡ

ಕ್ಲಬ್ ಹುಟ್ಟಿದ್ದು 1927ರ ಮೇ 22ರಂದು, ಹಿದಾಲ್ಗೊ ರಾಜ್ಯದ ಹಾಸೊ ಎಂಬಲ್ಲಿ, ಸಿಮೆಂಟ್ ಕಾರ್ಖಾನೆಯ ಕಾರ್ಮಿಕರ ನಡುವೆ. ಕಾರ್ಖಾನೆಯ ಬೇರು 1881ರಷ್ಟು ಹಳೆಯದು. 1931ರಲ್ಲಿ ಅದು ಮುಚ್ಚುವ ಸ್ಥಿತಿಗೆ ಬಂದಾಗ ಕಾರ್ಮಿಕರೇ ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ಮುಂದೆ ಅದು ಸಹಕಾರ ಸಂಘವಾಯಿತು, ಇವತ್ತಿಗೂ ಕ್ಲಬ್ಬಿನ ಒಡೆತನ ಆ ಸಂಘದ್ದೇ. ತಂಡಕ್ಕೆ ‘ಸಿಮೆಂಟಿನವರು’ ಎಂಬ ಅಡ್ಡಹೆಸರು ಬಂದದ್ದು ಇದರಿಂದ. ಇನ್ನೊಂದು ಅಡ್ಡಹೆಸರು ‘ಲಾ ಮಾಕಿನಾ’, ಅಂದರೆ ಯಂತ್ರ. ಅಭಿಮಾನಿಗಳ ಕಣ್ಣಿಗೆ ಅದು ರೈಲಿನ ಎಂಜಿನ್.

ಸಂಘದ ವ್ಯವಸ್ಥಾಪಕ ಗಿಯೆರ್ಮೊ ಆಲ್ವಾರೆಸ್ ಮಸಿಯಾಸ್ ಕಾಲದಲ್ಲಿ ತಂಡ ವೃತ್ತಿಪರವಾಯಿತು. 1963–64ರಲ್ಲಿ ಎರಡನೇ ದರ್ಜೆ ಗೆದ್ದು ಮೇಲಕ್ಕೆ ಬಂತು. ಐದೇ ವರ್ಷಕ್ಕೆ, 1968–69ರಲ್ಲಿ, ರಾವುಲ್ ಕಾರ್ದೆನಾಸ್ ಕೋಚಿಂಗ್‌ನಲ್ಲಿ ಮೊದಲ ಲೀಗ್ ಪ್ರಶಸ್ತಿ. ಅಲ್ಲಿಂದ ಹಿಡಿದ ಓಟ ನಿಲ್ಲಲಿಲ್ಲ: 1970, 1971–72, 1972–73, 1973–74, ಆಮೇಲೆ 1978–79 ಮತ್ತು 1979–80. ಹನ್ನೆರಡು ವರ್ಷಕ್ಕೆ ಏಳು ಲೀಗ್. 1969, 1970, 1971ರಲ್ಲಿ ಕಾನ್ಕಕಾಫ್ (ಉತ್ತರ ಮತ್ತು ಮಧ್ಯ ಅಮೆರಿಕ, ಕೆರಿಬಿಯನ್) ವಲಯದ ಚಾಂಪಿಯನ್ ಕೂಡ. 1971ರಲ್ಲಿ ಹಾಸೊ ಬಿಟ್ಟು ಮೆಕ್ಸಿಕೊ ನಗರದ ಅಜ್ಟೆಕಾ ಸ್ಟೇಡಿಯಂಗೆ ಬಂದ ತಂಡ, ಅಲ್ಲೇ ನೆಲೆಯೂರಿದ್ದ ಕ್ಲಬ್ ಅಮೆರಿಕವನ್ನು 1972ರ ಫೈನಲ್‌ನಲ್ಲಿ 4–1ರಿಂದ ಸೋಲಿಸಿತು. ಗೋಲಿನಲ್ಲಿ ನಿಂತಿದ್ದವರು ಅರ್ಜೆಂಟೀನಾದಿಂದ ಬಂದ ಮಿಗೆಲ್ ಮರಿನ್. ಜನ ಅವರನ್ನು ಸೂಪರ್‌ಮ್ಯಾನ್ ಎಂದೇ ಕರೆದರು.

ಈ ವೈಭವವನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. 1980ರ ನಂತರ 41 ವರ್ಷದಲ್ಲಿ ಈ ಕ್ಲಬ್ ಗೆದ್ದ ಲೀಗ್ ಪ್ರಶಸ್ತಿ ಎರಡೇ. ಆದರೆ ಅಪ್ಪಂದಿರು ಮಕ್ಕಳಿಗೆ ಹೇಳುತ್ತಾ ಬಂದದ್ದು ಎಪ್ಪತ್ತರ ದಶಕದ ಕತೆಯನ್ನು. ಸಣ್ಣ ಕ್ಲಬ್ಬಾಗಿದ್ದರೆ ಫೈನಲ್ ತಲುಪಿದ್ದೇ ಸಾಧನೆ ಎನಿಸುತ್ತಿತ್ತು. ಇಲ್ಲಿ ಅದು ಪ್ರತಿ ಸಲವೂ ಸೋಲಿನ ಲೆಕ್ಕಕ್ಕೇ ಸೇರಿತು.

1997ರ ಗೆಲುವು ಕೂಡ ನೂಲಿನ ಮೇಲೆಯೇ ನಿಂತಿತ್ತು. ಲಿಯೋನ್ ವಿರುದ್ಧದ ಫೈನಲ್ ಎರಡೂ ಲೆಗ್ (ಒಂದು ಪಂದ್ಯ ತಮ್ಮ ಮೈದಾನದಲ್ಲಿ, ಒಂದು ಎದುರಾಳಿಯದರಲ್ಲಿ) ಸೇರಿ 1–1ಕ್ಕೆ ಸಮ. ಹೆಚ್ಚುವರಿ ಸಮಯದಲ್ಲಿ ಯಾರು ಮೊದಲು ಗೋಲು ಹೊಡೆದರೂ ಆಟ ಅಲ್ಲಿಗೇ ಮುಗಿಯುವ ‘ಗೋಲ್ಡನ್ ಗೋಲ್’ ನಿಯಮವಿತ್ತು. ಲಿಯೋನ್ ಗೋಲ್‌ಕೀಪರ್ ಆಂಖೆಲ್ ಕೊಮಿಸೊ ಅವರ ಕಾಲು ಕಾರ್ಲೊಸ್ ಎರ್ಮೊಸಿಯೊ ಮುಖಕ್ಕೆ ಬಡಿಯಿತು, ಪೆನಾಲ್ಟಿ ಸಿಕ್ಕಿತು. ಎರ್ಮೊಸಿಯೊ ರಕ್ತ ಸುರಿಯುವ ಮುಖದಲ್ಲೇ ಚೆಂಡು ಒದ್ದು ಗೋಲು ಮಾಡಿದರು. ಆ ಚಿತ್ರ ಮುಂದಿನ 23 ವರ್ಷ ಕ್ಲಬ್ಬಿನ ಕೊನೆಯ ಸಿಹಿ ನೆನಪಾಗಿ ಉಳಿಯಿತು.

ಟೂರ್ನಿ ಹೇಗೆ ನಡೆಯುತ್ತದೆ

1996ರಿಂದ ಮೆಕ್ಸಿಕೊದಲ್ಲಿ ವರ್ಷಕ್ಕೆ ಒಂದಲ್ಲ, ಎರಡು ಚಾಂಪಿಯನ್. ವರ್ಷದ ದ್ವಿತೀಯಾರ್ಧದ್ದು ಅಪೆರ್ತುರ, ಮೊದಲಾರ್ಧದ್ದು ಕ್ಲಾಸುರ (ಹಿಂದೆ ‘ಇನ್ವಿಯೆರ್ನೊ’, ‘ವೆರಾನೊ’ ಎನ್ನುತ್ತಿದ್ದರು, ಕೋವಿಡ್ ಸಮಯದ ಎರಡು ಟೂರ್ನಿಗೆ ‘ಗಾರ್ದಿಯಾನೆಸ್’ ಎಂದರು). ಸಾಮಾನ್ಯವಾಗಿ 18 ತಂಡ, 17 ಪಂದ್ಯ. ಪಟ್ಟಿಯ ಮೊದಲ ಸ್ಥಾನಕ್ಕೆ ಪ್ರಶಸ್ತಿ ಇಲ್ಲ. ಎಂಟು ತಂಡ ‘ಲಿಗಿಯ’ ಎಂಬ ನಾಕೌಟ್‌ಗೆ ಹೋಗುತ್ತವೆ, ಕ್ವಾರ್ಟರ್, ಸೆಮಿ, ಫೈನಲ್ ಮೂರೂ ಎರಡೆರಡು ಲೆಗ್.

ಲೆಕ್ಕ ಹಾಕಿ ನೋಡಿ. ನಿಮ್ಮ ತಂಡ ಎದುರಾಳಿಗಿಂತ ಸ್ಪಷ್ಟವಾಗಿ ಮೇಲು, ಪ್ರತಿ ಸುತ್ತಿನಲ್ಲೂ ಗೆಲ್ಲುವ ಸಾಧ್ಯತೆ 60 ಪ್ರತಿಶತ ಎಂದುಕೊಳ್ಳೋಣ. ಮೂರು ಸುತ್ತೂ ಗೆಲ್ಲುವ ಸಾಧ್ಯತೆ 0.6ರ ಘನ, ಅಂದರೆ ಸುಮಾರು 22 ಪ್ರತಿಶತ. 55 ಪ್ರತಿಶತಕ್ಕೆ ಇಳಿಸಿದರೆ 17. ಒಳ್ಳೆಯ ತಂಡವೇ ಐದು ಸಲ ಲಿಗಿಯಕ್ಕೆ ಹೋದರೆ ನಾಲ್ಕು ಸಲ ಬರಿಗೈಯಲ್ಲಿ ಬರುತ್ತದೆ. ವರ್ಷವಿಡೀ ಆಡಿ ಅಂಕ ಕೂಡಿಸುವ ಇಂಗ್ಲೆಂಡ್, ಸ್ಪೇನ್ ಲೀಗ್‌ಗಳನ್ನು ನೋಡಿ ಬೆಳೆದವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ.

ಇನ್ನೆರಡು ನಿಯಮ ಈ ಪ್ರಕರಣಕ್ಕೆ ಮುಖ್ಯ. ಕ್ವಾರ್ಟರ್ ಮತ್ತು ಸೆಮಿಯಲ್ಲಿ ಎರಡು ಲೆಗ್ ಸೇರಿ ಸ್ಕೋರ್ ಸಮವಾದರೆ, ಬೇರೆ ಯಾವುದರಿಂದಲೂ ಇತ್ಯರ್ಥವಾಗದಿದ್ದಾಗ, ಪಟ್ಟಿಯಲ್ಲಿ ಮೇಲಿದ್ದ ತಂಡ ಮುಂದಕ್ಕೆ ಹೋಗುತ್ತದೆ. ಫೈನಲ್‌ನಲ್ಲಿ ಆ ರಿಯಾಯಿತಿ ಇಲ್ಲ, ಎದುರಾಳಿ ಮೈದಾನದ ಗೋಲಿಗೆ ಹೆಚ್ಚಿನ ಬೆಲೆಯೂ ಇಲ್ಲ. ಸಮವಾದರೆ ಹೆಚ್ಚುವರಿ ಸಮಯ, ಆಮೇಲೆ ಪೆನಾಲ್ಟಿ.

ಆರು ಫೈನಲ್

1999ರ ಇನ್ವಿಯೆರ್ನೊದಲ್ಲಿ ಎದುರಾಳಿ ಪಚೂಕ. ಹಿದಾಲ್ಗೊ ರಾಜ್ಯದ ರಾಜಧಾನಿಯ ತಂಡ, ಅಂದರೆ ಕ್ರೂಸ್ ಅಸುಲ್ ಬಿಟ್ಟುಬಂದ ತವರಿನದ್ದೇ. ಅಲ್ಲಿ 2–2, ಇಲ್ಲಿ 0–0. ಹೆಚ್ಚುವರಿ ಸಮಯದಲ್ಲಿ ಅಲೆಹಾಂದ್ರೊ ಗ್ಲಾರಿಯಾ ಗೋಲ್ಡನ್ ಗೋಲ್ ಹೊಡೆದರು. ಎರಡು ವರ್ಷದ ಹಿಂದೆ ಕಪ್ ಕೊಟ್ಟ ನಿಯಮವೇ ಈ ಸಲ ಕಿತ್ತುಕೊಂಡಿತು.

2008ರ ಕ್ಲಾಸುರದಲ್ಲಿ ಸಾಂತೊಸ್ ಲಗೂನ: ಮನೆಯಲ್ಲಿ 1–2, ಹೊರಗೆ 1–1. ಅದೇ ವರ್ಷದ ಅಪೆರ್ತುರದಲ್ಲಿ ತೊಲೂಕ: ಮನೆಯಲ್ಲಿ 0–2 ಸೋತ ತಂಡ ಎದುರಾಳಿ ಮೈದಾನಕ್ಕೆ ಹೋಗಿ 2–0 ಗೆದ್ದಿತು, ಪೆನಾಲ್ಟಿಯಲ್ಲಿ 6–7ರಿಂದ ಸೋತಿತು. 2009ರ ಅಪೆರ್ತುರದಲ್ಲಿ ಮಾಂಟೆರೇ: ಮೊದಲ ಲೆಗ್‌ನಲ್ಲಿ 3–1 ಮುಂದಿದ್ದು 3–4ಕ್ಕೆ ಸೋಲು, ಮನೆಯಲ್ಲಿ 1–2. 2013ರ ಕ್ಲಾಸುರದಲ್ಲಿ ಕ್ಲಬ್ ಅಮೆರಿಕ, ಪೆನಾಲ್ಟಿಯಲ್ಲಿ. 2018ರ ಅಪೆರ್ತುರದಲ್ಲಿ ಪಟ್ಟಿಯಲ್ಲಿ ಮೊದಲಿಗರಾಗಿ ಬಂದು ಮತ್ತೆ ಅಮೆರಿಕಕ್ಕೇ ಸೋಲು. 0–0, 0–2, ಎರಡೂ ಗೋಲು ಎದ್ಸೊನ್ ಆಲ್ವಾರೆಸ್ ಅವರದು.

ಇದನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಕಾಣುತ್ತದೆ. ಆರರಲ್ಲಿ ಮೂರು ಫೈನಲ್ ನಿಗದಿತ ಸಮಯದಲ್ಲಿ ತೀರ್ಮಾನವಾಗಲೇ ಇಲ್ಲ. ನಾಲ್ಕನೆಯದು ಒಂದು ಗೋಲಿನ ಅಂತರ. ಕ್ರೂಸ್ ಅಸುಲ್ ನಿಚ್ಚಳವಾಗಿ ಸೋತದ್ದು 2009ರಲ್ಲಿ ಮತ್ತು 2018ರಲ್ಲಿ, ಅದೂ ಎರಡೆರಡೇ ಗೋಲಿಂದ. ಪ್ರತಿ ಫೈನಲ್ಲೂ ನಾಣ್ಯ ಚಿಮ್ಮಿದಂತೆ ಎಂದುಕೊಂಡರೆ ಸತತ ಆರು ಸೋಲುವ ಸಾಧ್ಯತೆ 64ರಲ್ಲಿ 1. ಅಪರೂಪವೇ. ಆದರೆ ಹತ್ತಾರು ಕ್ಲಬ್ಬುಗಳು ದಶಕಗಟ್ಟಲೆ ಆಡುವ ಲೀಗ್‌ನಲ್ಲಿ ಯಾರಿಗಾದರೂ ಒಬ್ಬರಿಗೆ ಅದು ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಇದೇ ಅವಧಿಯಲ್ಲಿ ಲೀಗ್ ಆಚೆ ತಂಡ ಮಾಡಿದ್ದನ್ನೂ ಇಡಬೇಕು. 2001ರಲ್ಲಿ ದಕ್ಷಿಣ ಅಮೆರಿಕದ ಕೋಪಾ ಲಿಬರ್ತಡೋರೆಸ್ ಫೈನಲ್ ತಲುಪಿದ ಮೊದಲ ಮೆಕ್ಸಿಕನ್ ತಂಡ ಇದು. ಬೋಕಾ ಜೂನಿಯರ್ಸ್‌ಗೆ ಅಜ್ಟೆಕಾದಲ್ಲಿ 0–1 ಸೋತು, ಬ್ಯೂನಸ್ ಐರಿಸ್‌ನ ಲಾ ಬೊಂಬೊನೆರಾ ಮೈದಾನದಲ್ಲಿ ಹುವಾನ್ ಫ್ರಾನ್ಸಿಸ್ಕೊ ಪಲೆನ್ಸಿಯ ಗೋಲಿನಿಂದ 1–0 ಗೆದ್ದಿತು. ಅಲ್ಲಿ ಹೋಗಿ ಗೆಲ್ಲುವುದು ಹುಡುಗಾಟವಲ್ಲ. ಆಮೇಲೆ ಪೆನಾಲ್ಟಿಯಲ್ಲಿ ಸೋಲು. 2014ರಲ್ಲಿ ಕಾನ್ಕಕಾಫ್ ಚಾಂಪಿಯನ್ಸ್ ಲೀಗ್, 2013 ಮತ್ತು 2018ರಲ್ಲಿ ಮೆಕ್ಸಿಕೊದ ದೇಶೀ ಕಪ್ ಆದ ಕೋಪಾ ಎಂಎಕ್ಸ್, 2019ರಲ್ಲಿ ಮೆಕ್ಸಿಕೊ ಮತ್ತು ಅಮೆರಿಕ ದೇಶದ ಲೀಗ್ ತಂಡಗಳು ಆಡುವ ಲೀಗ್ಸ್ ಕಪ್ ಗೆದ್ದಿತು. ನಾಕೌಟ್ ಗೆಲ್ಲಲು ಬಾರದ ತಂಡ ಎನ್ನುವ ಮಾತು ನಿಲ್ಲುವುದಿಲ್ಲ.

2013ರ ಮೇ 26, ಕೊನೆಯ ಐದು ನಿಮಿಷ

ಅದೃಷ್ಟಕ್ಕೇ ಎಲ್ಲವನ್ನೂ ಬಿಟ್ಟುಕೊಡಲೂ ಆಗದು. 2013ರ ಫೈನಲ್ಲನ್ನು ಹತ್ತಿರದಿಂದ ನೋಡಿದರೆ ಕೈಯಾರೆ ಕಳೆದುಕೊಂಡದ್ದೂ ಕಾಣುತ್ತದೆ.

ಮೊದಲ ಲೆಗ್ ಮೇ 23ರಂದು ಕ್ರೂಸ್ ಅಸುಲ್ ಮನೆಯಲ್ಲಿ. ಕ್ರಿಸ್ತಿಯಾನ್ ‘ಚಾಕೊ’ ಹಿಮೆನೆಸ್ ಗೋಲಿನಿಂದ 1–0. ಎರಡನೆಯದು ಅಜ್ಟೆಕಾದಲ್ಲಿ, ಮಳೆಯಲ್ಲಿ. 14ನೇ ನಿಮಿಷಕ್ಕೆ ಅಮೆರಿಕದ ಹೆಸೂಸ್ ಮೊಲಿನ ರೆಡ್ ಕಾರ್ಡ್ ತಿಂದು ಹೊರಗೆ. 20ನೇ ನಿಮಿಷಕ್ಕೆ ಕೊಲಂಬಿಯಾದ ತೆಯೊಫಿಲೊ ಗುತಿಯೆರೆಸ್ ಗೋಲು. ಒಟ್ಟು 2–0, ಎದುರಾಳಿಗಳು ಹತ್ತು ಜನ, ಇನ್ನು 70 ನಿಮಿಷ ಬಾಕಿ.

ಇಲ್ಲಿ ಎರಡು ದಾರಿಯಿತ್ತು. ಚೆಂಡನ್ನು ತಾವೇ ಇಟ್ಟುಕೊಂಡು ಹತ್ತು ಜನರನ್ನು ಅಗಲಕ್ಕೆ ಓಡಾಡಿಸಿ ಮೂರನೇ ಗೋಲು ಹುಡುಕುವುದು ಒಂದು, ಹಿಂದೆ ಸರಿದು ಕಾಯುವುದು ಇನ್ನೊಂದು. ಒಬ್ಬ ಆಟಗಾರ ಹೆಚ್ಚಿದ್ದರೆ ಅದರ ಲಾಭ ಸಿಗುವುದು ಮೈದಾನ ದೊಡ್ಡದಾಗಿದ್ದಾಗ: ಓಡುವ ಜಾಗ ಹೆಚ್ಚಾದಷ್ಟೂ ಹತ್ತು ಜನರ ಕಾಲು ಸೋಲುತ್ತದೆ. ಪೆನಾಲ್ಟಿ ಬಾಕ್ಸಿನ ಮುಂದೆ ಎಲ್ಲರೂ ಗುಂಪಾದರೆ ಆ ಒಬ್ಬ ಹೆಚ್ಚಿದ್ದೂ ಇಲ್ಲದ್ದೂ ಒಂದೇ. ಆಟ ಮುಗಿಯುತ್ತ ಬಂದಂತೆ ಆದದ್ದು ಅದೇ. ಚೆಂಡು ಮತ್ತೆ ಮತ್ತೆ ಕ್ರೂಸ್ ಅಸುಲ್ ಬಾಕ್ಸಿನತ್ತಲೇ ಬಂತು.

89ನೇ ನಿಮಿಷ: ಎತ್ತರದ ಚೆಂಡಿಗೆ ಡಿಫೆಂಡರ್ ಅಕಿವಾಲ್ದೊ ಮೊಸ್ಕೆರ ತಲೆ ಕೊಟ್ಟರು. ಒಟ್ಟು 2–1.

90+3: ಅಮೆರಿಕಕ್ಕೆ ಕಾರ್ನರ್. ಗೋಲ್‌ಕೀಪರ್ ಮೊಯ್ಸೆಸ್ ಮುನ್ಯೋಸ್ ತನ್ನ ಗೋಲು ಬಿಟ್ಟು ಎದುರಿನ ಬಾಕ್ಸಿಗೆ ಓಡಿ ಬಂದರು. ಕಾರ್ನರ್ ಕಾಯುವುದು ಹೇಗೆ ಎಂದು ಗೊತ್ತಿದ್ದವರಿಗೆ ಈ ಕ್ಷಣದ ಸಂಕಟ ಅರ್ಥವಾಗುತ್ತದೆ. ಯಾರು ಯಾರನ್ನು ಹಿಡಿಯಬೇಕೆಂದು ಪಂದ್ಯದ ಮೊದಲೇ ಹಂಚಿರುತ್ತಾರೆ: ಇವನಿಗೆ ಅವನ ಸೆಂಟರ್‌ಬ್ಯಾಕ್, ಅವನಿಗೆ ಇವನ ಸ್ಟ್ರೈಕರ್, ಇಬ್ಬರು ಕಂಬದ ಬಳಿ. ಎದುರಾಳಿ ಗೋಲ್‌ಕೀಪರ್ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಅವನು ಬಂದಾಗ ಒಬ್ಬ ನಾಯಕ ಕೂಗಿ ಹೊಸದಾಗಿ ಹಂಚಬೇಕು, ಅದಕ್ಕೆ ಸಿಗುವುದು ಹತ್ತು ಸೆಕೆಂಡು. ಹಂಚದಿದ್ದರೆ ಗೋಲ್‌ಕೀಪರ್ ಬಾಕ್ಸಿನಲ್ಲಿ ಓಡಾಡುವ ಒಡೆಯನಿಲ್ಲದ ಮನುಷ್ಯ. ಮುನ್ಯೋಸ್ ಮುಂದಕ್ಕೆ ಹಾರಿ ತಲೆಯಿಂದ ಹೊಡೆದ ಚೆಂಡು ಕ್ರೂಸ್ ಅಸುಲ್‌ನ ಅಲೆಹಾಂದ್ರೊ ಕಾಸ್ತ್ರೊ ಅವರಿಗೆ ತಗುಲಿ ದಿಕ್ಕು ಬದಲಿಸಿ ಒಳಗೆ ಹೋಯಿತು. ಗೋಲ್‌ಕೀಪರ್ ಹೊಸೆ ದೆ ಹೆಸೂಸ್ ಕೊರೊನ ಅವರಿಗೆ ಮಾಡಲು ಏನೂ ಉಳಿದಿರಲಿಲ್ಲ.

ಇದಾದ ಮೇಲೂ 30 ನಿಮಿಷದ ಹೆಚ್ಚುವರಿ ಆಟವಿತ್ತು, ಹನ್ನೊಂದು ಜನರ ಎದುರು ಹತ್ತೇ ಜನ. ಗೋಲು ಬರಲಿಲ್ಲ. ಮುನ್ಯೋಸ್ ಗೋಲಿನ ಆಘಾತಕ್ಕಿಂತ ಈ ಅರ್ಧ ಗಂಟೆಯೇ ತಂಡದ ಮೇಲಿನ ದೊಡ್ಡ ಆರೋಪ ಎಂದು ನಮಗೆ ಅನಿಸುತ್ತದೆ, ಯಾಕೋ ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ಪೆನಾಲ್ಟಿಯಲ್ಲಿ ಹವಿಯೆರ್ ಒರೊಸ್ಕೊ ಹೊಡೆದದ್ದನ್ನು ಮುನ್ಯೋಸ್ ತಡೆದರು. ಆಮೇಲೆ ಒದೆಯಲು ಬಂದವರಲ್ಲಿ ಅದೇ ಕಾಸ್ತ್ರೊ. ಒದ್ದೆ ಹುಲ್ಲಿನಲ್ಲಿ ಊರಿದ ಕಾಲು ಜಾರಿತು, ಚೆಂಡು ಹೊರಗೆ. ಮಿಗೆಲ್ ಲಯೂನ್ ಅಮೆರಿಕದ ನಾಲ್ಕನೆಯದನ್ನು ಒಳಗೆ ಹಾಕಿದರು, 4–2. ಕೊನೇ ಗಳಿಗೆಯಲ್ಲಿ ಚೆಂಡು ತನ್ನಿಂದ ಸಿಡಿದು ಗೋಲಾಗಿ ಒಂದು ಗಂಟೆಯೂ ಕಳೆದಿಲ್ಲ. ಅಂಥವನನ್ನು ಪೆನಾಲ್ಟಿ ಗುರುತಿಗೆ ಕಳಿಸುವುದು ಶಾಪವಲ್ಲ, ಆಯ್ಕೆ.

ಆರು ಫೈನಲ್, ಆರು ಕೋಚ್

1999ರಲ್ಲಿ ಲೂಯಿಸ್ ಫೆರ್ನಾಂದೊ ತೇನ, 2008ರ ಮೊದಲಾರ್ಧದಲ್ಲಿ ಸೆರ್ಹಿಯೊ ಮಾರ್ಕರಿಯಾನ್, ದ್ವಿತೀಯಾರ್ಧದಲ್ಲಿ ಬೆಂಜಮಿನ್ ಗಲಿಂದೊ, 2009ರಲ್ಲಿ ಎನ್ರಿಕೆ ಮೇಸ, 2013ರಲ್ಲಿ ಗಿಯೆರ್ಮೊ ವಾಸ್ಕೆಸ್, 2018ರಲ್ಲಿ ಪೆದ್ರೊ ಕೈಶಿನ್ಯಾ. ಸೋತ ಮೇಲೆ ಈ ಕ್ಲಬ್ಬಿನಲ್ಲಿ ಒಬ್ಬರೂ ಇನ್ನೊಂದು ಲೀಗ್ ಫೈನಲ್ ಕಂಡಿಲ್ಲ. ಫೈನಲ್‌ನಲ್ಲಿ ಒಮ್ಮೆ ಸೋತ ಕೋಚ್‌ಗೆ ತಿಳಿದಿರುವುದು ಮುಂದಿನವನಿಗೆ ತಿಳಿದಿರುವುದಿಲ್ಲ. ಯಾರ ಕೈಕಾಲು ಕೊನೆಯ ಹತ್ತು ನಿಮಿಷ ನಡುಗುತ್ತದೆ, ಯಾರು ಪೆನಾಲ್ಟಿಗೆ ತಾನಾಗಿ ಮುಂದೆ ಬರುತ್ತಾನೆ, ಇವು ಯಾವ ಕಡತದಲ್ಲೂ ಇರುವುದಿಲ್ಲ.

ಕೋಚ್ ಬದಲಾದರೂ ಮೇಲಿನ ಕುರ್ಚಿ ಬದಲಾಗಲಿಲ್ಲ. ಹಿರಿಯ ಆಲ್ವಾರೆಸ್ ಅವರ ಮಗ ಗಿಯೆರ್ಮೊ ‘ಬಿಲ್ಲಿ’ ಆಲ್ವಾರೆಸ್ ಕ್ವೇವಾಸ್ 1988ರಿಂದ 2020ರವರೆಗೆ ಸಹಕಾರ ಸಂಘವನ್ನೂ ಕ್ಲಬ್ಬನ್ನೂ ನಡೆಸಿದರು. 1997ರ ಪ್ರಶಸ್ತಿ ಅವರ ಕಾಲದ್ದೇ, ಬರಗಾಲವೂ ಅವರ ಕಾಲದ್ದೇ. 2020ರ ಜುಲೈನಲ್ಲಿ ಹಣದ ಅವ್ಯವಹಾರದ ಆರೋಪದ ಮೇಲೆ ಅವರ ವಿರುದ್ಧ ಬಂಧನ ವಾರಂಟ್ ಹೊರಟಿತು, ಅವರು ಹುದ್ದೆ ಬಿಟ್ಟರು. ಆರೋಪದ ಸತ್ಯಾಸತ್ಯ ನ್ಯಾಯಾಲಯದ ವಿಷಯ. ಈ ಪ್ರಕರಣಕ್ಕೆ ಬೇಕಾದದ್ದು ಇಷ್ಟೆ: 32 ವರ್ಷದ ಬಳಿಕ ಕ್ಲಬ್ಬಿನ ತೀರ್ಮಾನ ಮಾಡುವವರು ಬದಲಾದದ್ದು ಒಂಬತ್ತನೇ ಪ್ರಶಸ್ತಿಗೆ ಹತ್ತು ತಿಂಗಳ ಮೊದಲು.

2020: ಎರಡು ಏಟು

ಆ ವರ್ಷದ ಕ್ಲಾಸುರದಲ್ಲಿ ಹತ್ತು ಸುತ್ತಿನ ಬಳಿಕ ಕ್ರೂಸ್ ಅಸುಲ್ 22 ಅಂಕದೊಂದಿಗೆ ಮೊದಲ ಸ್ಥಾನದಲ್ಲಿತ್ತು. ಕೋವಿಡ್ ಬಂತು. ಮೇ 22ರಂದು, ಕ್ಲಬ್ಬಿನ 93ನೇ ಹುಟ್ಟುಹಬ್ಬದ ದಿನವೇ, ಚಾಂಪಿಯನ್ ಇಲ್ಲದೆ ಟೂರ್ನಿ ರದ್ದಾಯಿತು.

ಡಿಸೆಂಬರಿನಲ್ಲಿ ಇನ್ನೂ ಕೆಟ್ಟದ್ದು ಕಾದಿತ್ತು. ಸೆಮಿಫೈನಲ್ ಮೊದಲ ಲೆಗ್‌ನಲ್ಲಿ ಪೂಮಾಸ್ ತಂಡವನ್ನು 4–0 ಬಡಿದರು. ಮೂರು ದಿನ ಬಿಟ್ಟು, ಡಿಸೆಂಬರ್ 6ರಂದು, ವಿಶ್ವವಿದ್ಯಾಲಯದ ಖಾಲಿ ಸ್ಟೇಡಿಯಂನಲ್ಲಿ 0–4. ನಾಲ್ಕನೆಯದನ್ನು ಪಂದ್ಯದ ಕೊನೆಯ ನಿಮಿಷಗಳಲ್ಲಿ ಹುವಾನ್ ಪಾಬ್ಲೊ ವಿಗೋನ್ ಹೊಡೆದರು. ಒಟ್ಟು 4–4. ಪೂಮಾಸ್ ಪಟ್ಟಿಯಲ್ಲಿ ಎರಡನೆಯದು, ಕ್ರೂಸ್ ಅಸುಲ್ ನಾಲ್ಕನೆಯದು. ಪೂಮಾಸ್ ಫೈನಲ್‌ಗೆ ಹೋಯಿತು.

ಆ ರಾತ್ರಿ ಎಲ್ಲರೂ ಕ್ರಿಯಾಪದವನ್ನೇ ಜಪಿಸಿದರು. ಆದರೆ ನಿಯಮಕ್ಕೆ ಮರಳಿ. ಪಟ್ಟಿಯಲ್ಲಿ ಎರಡು ಮೆಟ್ಟಿಲು ಮೇಲಿದ್ದಿದ್ದರೆ ಅದೇ 0–4 ಸೋಲಿನ ಮೇಲೂ ಕ್ರೂಸ್ ಅಸುಲ್ ಫೈನಲ್ ಆಡುತ್ತಿತ್ತು. ಸೋಲಿನ ಬೀಜ ಬಿದ್ದದ್ದು ಡಿಸೆಂಬರಿನಲ್ಲಲ್ಲ, ಲೀಗ್ ಹಂತದಲ್ಲಿ ಕೈತಪ್ಪಿದ ಅಂಕಗಳಲ್ಲಿ. ಕೋಚ್ ರಾಬರ್ಟ್ ಸಿಬೋಲ್ದಿ ಹೊರಟರು.

2021: ಬದಲಾದದ್ದೇನು

ಜನವರಿಯಲ್ಲಿ ಬಂದವರು ಪೆರುವಿನ ಹುವಾನ್ ರೆಯ್ನೊಸೊ. 1997ರಲ್ಲಿ ಕಪ್ ಗೆದ್ದ ತಂಡದ ಡಿಫೆಂಡರ್ ಅವರೇ, ಆಗಷ್ಟೇ ಪುಯೆಬ್ಲ ತಂಡದ ಕೋಚ್ ಆಗಿದ್ದವರು. ಮೊದಲೆರಡು ಪಂದ್ಯ ಸೋತರು. ಹಳೇ ರೂಢಿಯ ಪ್ರಕಾರ ಆಗಲೇ ಅವರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬೀಳಬೇಕಿತ್ತು, ಬಿದ್ದದ್ದೂ ಹೌದು. ಕ್ಲಬ್ ಅಲುಗಲಿಲ್ಲ. ಅಲ್ಲಿಂದ ಸತತ 12 ಗೆಲುವು, ಲಿಯೋನ್ ಹೆಸರಿನಲ್ಲಿದ್ದ ದಾಖಲೆಗೆ ಸಮ. 17 ಪಂದ್ಯಕ್ಕೆ 13 ಗೆಲುವು, 2 ಡ್ರಾ, 2 ಸೋಲು. 41 ಅಂಕ, ಮೊದಲ ಸ್ಥಾನ.

ಗೋಲಿನ ಲೆಕ್ಕ ನೋಡಿ: ಹೊಡೆದದ್ದು 26, ಬಿಟ್ಟದ್ದು 11. 13 ಪಂದ್ಯ ಗೆದ್ದ ತಂಡಕ್ಕೆ 26 ಗೋಲು ಹೆಚ್ಚೇನಲ್ಲ. 1–0, 2–1ರಲ್ಲಿ ಗೆಲ್ಲುವುದನ್ನು ಅವರು ವಾರವಾರವೂ ರೂಢಿ ಮಾಡಿಕೊಂಡರು. ಅಂದರೆ ಕೊನೆಯ ಇಪ್ಪತ್ತು ನಿಮಿಷ ಒಂದು ಗೋಲಿನ ಮುನ್ನಡೆ ಕಾಯುವ ಅಭ್ಯಾಸ ಫೈನಲ್ ದಿನ ಮೊದಲ ಸಲ ಬರಲಿಲ್ಲ, ಅದಕ್ಕೂ ಮೊದಲೇ ಹತ್ತಾರು ಸಲ ನಡೆದಿತ್ತು. ಕೋಪದ ಅಭಿಮಾನಿಗಳು ಇದನ್ನು ಸಪ್ಪೆ ಆಟ ಎಂದರು. ಸಪ್ಪೆ ನಿಜವೇ.

ಮೊದಲ ಸ್ಥಾನದ ಬೆಲೆ ಲಿಗಿಯದಲ್ಲಿ ತಕ್ಷಣ ಕಂಡಿತು. ಕ್ವಾರ್ಟರ್‌ನಲ್ಲಿ ತೊಲೂಕಕ್ಕೆ ಹೊರಗೆ 1–2 ಸೋತರು. ಮನೆಯಲ್ಲಿ 1–0 ಗೆದ್ದರೂ ಸಾಕೆಂಬ ಸ್ಥಿತಿ, 3–1 ಗೆದ್ದರು. ಸೆಮಿಯಲ್ಲಿ ಪಚೂಕ, 1999ರ ಅದೇ ಪಚೂಕ. ಹೊರಗೆ 0–0, ಮನೆಯಲ್ಲಿ 1–0. ಆ ಒಂದು ಗೋಲು ಹೊಡೆದ ಹುಡುಗ ಸಾಂತಿಯಾಗೊ ಹಿಮೆನೆಸ್, ವಯಸ್ಸು 20. 2013ರ ಫೈನಲ್ ಮೊದಲ ಲೆಗ್‌ನಲ್ಲಿ ಗೋಲು ಹೊಡೆದಿದ್ದ ಚಾಕೊ ಹಿಮೆನೆಸ್ ಅವರ ಮಗ. ಮುನ್ಯೋಸ್ ತಲೆ ಕೊಟ್ಟ ರಾತ್ರಿ ಈ ಹುಡುಗನಿಗೆ 12 ವರ್ಷ.

ಫೈನಲ್ ಎದುರಾಳಿ ಸಾಂತೊಸ್ ಲಗೂನ, 2008ರಲ್ಲಿ ಸೋಲಿಸಿದವರು. ಮೇ 27ರಂದು ತೊರಿಯೋನ್‌ನಲ್ಲಿ ಲೂಯಿಸ್ ರೋಮೊ ಗೋಲಿನಿಂದ 1–0. ಮೇ 30ರಂದು ಅಜ್ಟೆಕಾದಲ್ಲಿ, ಕೋವಿಡ್ ಮಿತಿಯಿಂದಾಗಿ ಭಾಗಶಃ ತುಂಬಿದ ಸ್ಟೇಡಿಯಂನಲ್ಲಿ, 36ನೇ ನಿಮಿಷಕ್ಕೆ ದಿಯೆಗೊ ವಾಲ್ದೆಸ್ ಸಾಂತೊಸ್ ಪರ ಗೋಲು ಹೊಡೆದು ಒಟ್ಟು ಸಮ ಮಾಡಿದರು. ಕ್ರಿಯಾಪದ ಮತ್ತೆ ಬಾಯಿಗೆ ಬರುವ ಹೊತ್ತು. ವಿರಾಮ ಮುಗಿದು ಆರನೇ ನಿಮಿಷಕ್ಕೆ ಉರುಗ್ವೆಯ ಹೊನಾತನ್ ‘ಕಬೆಸಿತ’ ರೊದ್ರಿಗೆಸ್ 1–1 ಮಾಡಿದರು, ಒಟ್ಟು 2–1. ಉಳಿದ 39 ನಿಮಿಷ ಮತ್ತು ಮೇಲಿನದ್ದನ್ನು ತಂಡ ಕಾಯ್ದುಕೊಂಡಿತು. ಸೆಮಿ ಮತ್ತು ಫೈನಲ್‌ನ ನಾಲ್ಕು ಪಂದ್ಯದಲ್ಲಿ ಹೊಡೆದದ್ದು ಮೂರೇ ಗೋಲು, ಬಿಟ್ಟದ್ದು ಒಂದು.

ಕಪ್ ಎತ್ತಿದ ನಾಯಕ ಕೊರೊನ. 2009, 2013, 2018ರ ಮೂರೂ ಸೋಲಿನಲ್ಲಿ ಗೋಲಿನ ಮುಂದೆ ನಿಂತಿದ್ದವರು. ಆಗ ಅವರಿಗೆ 40 ವರ್ಷ. ಡಿಫೆಂಡರ್ ಹುಲಿಯೊ ಸೇಸರ್ ‘ಕಟ’ ದೊಮಿಂಗೆಸ್ ಕೂಡ 2006ರಿಂದ ಇದೇ ತಂಡದಲ್ಲಿದ್ದವರು. ಆಟಗಾರರಲ್ಲೇ ಶಾಪವಿದ್ದಿದ್ದರೆ ಈ ಇಬ್ಬರು ಇರುವ ತಂಡ ಗೆಲ್ಲಬಾರದಿತ್ತು.

ಅದಾದ ಮೇಲೆ

ಗೆದ್ದ ಗುಂಪು ಒಂದೇ ವರ್ಷದಲ್ಲಿ ಚದುರಿತು. ರೆಯ್ನೊಸೊ 2022ರ ಮಧ್ಯದಲ್ಲಿ ಹೊರಟರು. ಆಗಸ್ಟ್ 20ರಂದು ಅಮೆರಿಕ 7–0 ಬಡಿಯಿತು. ಅಂಥ ಸೋಲಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದು ನಿಜವಾಗಿಯೂ ಕೆಟ್ಟ ತಂಡದ ಕೆಟ್ಟ ದಿನ.

ಈ ಪ್ರಕರಣಕ್ಕೆ ಹೆಚ್ಚು ಹೊಂದುವುದು ಅರ್ಜೆಂಟೀನಾದ ಕೋಚ್ ಮಾರ್ತಿನ್ ಅನ್ಸೆಲ್ಮಿ ಕಾಲ. 2024ರ ಕ್ಲಾಸುರ ಫೈನಲ್, ಮತ್ತೆ ಅಮೆರಿಕ, ದಿನಾಂಕವೂ ಮೇ 23 ಮತ್ತು 26, ಹನ್ನೊಂದು ವರ್ಷದ ಹಿಂದಿನವೇ. 1–1ರ ನಂತರ ಅಜ್ಟೆಕಾದಲ್ಲಿ ಎನ್ರಿ ಮಾರ್ತಿನ್ ಪೆನಾಲ್ಟಿಯಿಂದ 0–1 ಸೋಲು. ಮುಂದಿನ ಅಪೆರ್ತುರದಲ್ಲಿ ಕ್ರೂಸ್ ಅಸುಲ್ 42 ಅಂಕ ಗಳಿಸಿತು, 17 ಪಂದ್ಯದ ಟೂರ್ನಿಗೆ ಅದು ದಾಖಲೆ. ಸೆಮಿಯಲ್ಲಿ ಯಾರು? ಅಮೆರಿಕವೇ. ಮೊದಲ ಲೆಗ್ 0–0. ಪಟ್ಟಿಯ ಮೊದಲಿಗರಿಗೆ ಎರಡನೇ ಲೆಗ್ ಡ್ರಾ ಆದರೂ ಸಾಕಿತ್ತು. 3–3 ಇದ್ದಾಗ ಆಟದ ಕೊನೆಗೆ ಅಮೆರಿಕ ನಾಲ್ಕನೆಯದನ್ನು ಹೊಡೆಯಿತು. 2021ರಲ್ಲಿ ಕೆಲಸ ಮಾಡಿದ ಅಸ್ತ್ರ, ಅಂದರೆ ಮೊದಲ ಸ್ಥಾನ, ಇಲ್ಲಿಯೂ ಕೈಯಲ್ಲಿತ್ತು. ಆದರೆ ಆ ರಾತ್ರಿ ನಾಲ್ಕು ಗೋಲು ಬಿಟ್ಟರು. ಆಟ ಮಾತ್ರ 2021ಕ್ಕಿಂತ ಎಷ್ಟೋ ಚೆಂದವಿತ್ತು.

ಅನ್ಸೆಲ್ಮಿ 2025ರ ಜನವರಿಯಲ್ಲಿ ಪೋರ್ಚುಗಲ್‌ನ ಪೋರ್ತೊ ತಂಡಕ್ಕೆ ಹೋದರು. ಉಳಿದ ತಂಡವನ್ನು ಉರುಗ್ವೆಯ ವಿಸೆಂತೆ ಸಾಂಚೆಸ್ ಹಿಡಿದರು. ಜೂನ್ 1ರಂದು ಕಾನ್ಕಕಾಫ್ ಚಾಂಪಿಯನ್ಸ್ ಕಪ್ ಫೈನಲ್, ಎದುರಾಳಿ ಕೆನಡಾದ ವ್ಯಾಂಕೂವರ್ ವೈಟ್‌ಕ್ಯಾಪ್ಸ್. ನಡೆದದ್ದು 2020ರ ಡಿಸೆಂಬರಿನಲ್ಲಿ 0–4 ತಿಂದ ಅದೇ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ. 2021ರ ತಂಡದಲ್ಲಿದ್ದ ಇಗ್ನಾಸಿಯೊ ರಿವೇರೊ ಮೊದಲ ಗೋಲು ಹೊಡೆದರು. ವಿರಾಮಕ್ಕೆ 4–0, ಮುಗಿದಾಗ 5–0. ಈ ವಲಯದ ಏಳನೇ ಕಿರೀಟ, ಆ ಲೆಕ್ಕದಲ್ಲಿ ಅಮೆರಿಕಕ್ಕೆ ಸಮ. ಈ ಸಲದ ಫೈನಲ್ ಒಂದೇ ಪಂದ್ಯದ್ದು, ಎರಡನೇ ಲೆಗ್ ಇರಲಿಲ್ಲ.